ಗೌರಮ್ಮನ ಗೋಡೆ, ಜೈನಾಬಿಯ ಗೋಡೆ

ನಮ್ಮಕ್ಕನ ಮೊಮ್ಮಗಳು ಸುಮಾ ಸರ್ವೇಯರ್ ಆಗಿ ಕೆಲಸಕ್ಕೆ ಸೇರಿದ ದಿನ ಸೊರಬದಿಂದ ಫೋನು ಮಾಡಿದಳು. "ಅಜ್ಜಾ, ಮೂವತ್ನಾಕು ವರ್ಷ ಇದೇ ಕೆಲ್ಸ ಮಾಡಿದ್ಯಲ, ಎಂತಾದ್ರೂ ಹೇಳ್ಕೊಡು ಮಾರಾಯಾ" ಅಂದಳು. ನಾನು ಹೇಳಲು ಕೂತೆ. ಫೋನಿನ ಚಾರ್ಜು ಮುಗಿಯಿತು, ನನ್ನ ಮಾತು ಮುಗಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲು ಹೇಗೂ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಸುಮಾ, ನನ್ನ ತಪ್ಪುಗಳನ್ನು ಮಾತ್ರ ಹೇಳುತ್ತೇನೆ, ನಿನಗೆ ಉಪಯೋಗಕ್ಕೆ ಬರುವುದು ಅವೇ.

ನಿನ್ನ ಕೈಯಲ್ಲಿ ಈಗ ಉಪಗ್ರಹದ ಜೊತೆ ಮಾತಾಡುವ ಕೋಲು ಇದೆಯಂತೆ. ನೆಲಕ್ಕೆ ಊರಿದರೆ ಸಾಕು, ಎಲ್ಲಿದ್ದೀಯ ಅಂತ ಅದೇ ಹೇಳುತ್ತದಂತೆ. ನಮ್ಮ ಕಾಲದಲ್ಲಿ ಮೂವತ್ತಮೂರು ಅಡಿಯ ಕಬ್ಬಿಣದ ಚೈನು. ಬಿಸಿಲಿಗೆ ಅದು ಹಿಗ್ಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಅದನ್ನು ಎಳೆಯುವ ನಾವು ಕುಗ್ಗುತ್ತೇವೆ ಎಂದು ಯಾರೂ ಹೇಳಿರಲಿಲ್ಲ. ಶಿಕಾರಿಪುರದ ಮೆಕ್ಕೆಜೋಳದ ಹೊಲಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಚೈನು ಮುಟ್ಟಿದವನಿಗೆ ರಾತ್ರಿ ರೊಟ್ಟಿ ಮುರಿಯಲೂ ಬೆರಳು ಬರುತ್ತಿರಲಿಲ್ಲ.

ನನ್ನ ಮೊದಲ ಮೇಲಧಿಕಾರಿ ಕೆರಿಯಪ್ಪ ಸಾರ್. ಕುಬಟೂರಿನವರು. ಎಲೆ ಅಡಿಕೆ ಇಲ್ಲದೆ ಅವರ ಬಾಯಿ ನೋಡಿದವರಿಲ್ಲ. ನಾನು ಎಷ್ಟೇ ಚೆಂದವಾಗಿ ನಕ್ಷೆ ಬರೆದುಕೊಂಡು ಹೋಗಲಿ, ಅದನ್ನು ನೋಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಆ ಕಡೆಯಿಂದ ಅಳೆದ್ಯನಾ?"

ಅಂದರೆ, ಈ ತುದಿಯಿಂದ ಆ ತುದಿಗೆ ಅಳೆದದ್ದು ಸಾಲದು. ಆ ತುದಿಗೆ ಹೋಗಿ ನಿಂತು, ಮತ್ತೆ ಈ ತುದಿಗೆ ಅಳೆಯಬೇಕು. ಎರಡೂ ತಾಳೆಯಾದರೆ ಸಹಿ, ಇಲ್ಲದಿದ್ದರೆ ಇಲ್ಲ. ನಾನು ಬಿಸಿರಕ್ತದವನು. ಒಂದೇ ನೆಲವನ್ನು ಎರಡು ಸಲ ಅಳೆಯುವುದು ಮುದುಕರ ಚಟ ಅಂದುಕೊಂಡಿದ್ದೆ. "ಹೂಂ ಸಾರ್, ಅಳೆದೆ" ಅನ್ನುತ್ತಿದ್ದೆ. ಅರ್ಧ ಸಲ ಅದು ಸುಳ್ಳು.

ಆ ಸುಳ್ಳು ಮೊದಲ ಸಲ ಸಿಕ್ಕಿಬಿದ್ದದ್ದು ಬಂದಳಿಕೆಯ ಹತ್ತಿರ. ಒಂದು ಹೊಲದ ಗಡಿ ಗುರುತಿಸಬೇಕಿತ್ತು. ಮೂಲೆಯಲ್ಲಿ ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲೊಂದು ತಲೆ ಎತ್ತಿ ನಿಂತಿತ್ತು. ಗಡಿಯ ಬಾಂದು ಕಲ್ಲು ಸಿಕ್ಕಿತು ಎಂದು ಕುಣಿದಾಡಿ ಅಲ್ಲಿಂದಲೇ ಅಳತೆ ಶುರುಮಾಡಿದೆ. ಸಂಜೆಯ ಹೊತ್ತಿಗೆ ನಕ್ಷೆಯಲ್ಲಿ ಒಬ್ಬರ ಹೊಲವೆಲ್ಲ ಇನ್ನೊಬ್ಬರ ಹೊಲಕ್ಕೆ ಜಾರಿ, ಆ ಇನ್ನೊಬ್ಬರ ಹೊಲ ಹೋಗಿ ಹೋಗಿ ಕೆರೆಯೊಳಗೆ ಬಿತ್ತು. ಹೊಲದ ಯಜಮಾನ ಹನುಮಂತಪ್ಪ ಅಷ್ಟು ಹೊತ್ತೂ ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು.

"ಸಾರ್, ಒಂದ್ ಮಾತ್ ಕೇಳ್ಲಾ?" ಅಂದರು. "ನೀವು ಬೆಳಿಗ್ಗಿಂದ ಅಳೀತಿರೋದು ವೀರಗಲ್ಲಿಂದ ಅಲ್ಲೇನ್ರೀ?"

ಹುಲ್ಲು ಕಿತ್ತು ಮಣ್ಣು ಕೆದಕಿದರೆ ಕೆಳಗೆ ಕತ್ತಿ ಹಿಡಿದ ಮನುಷ್ಯ, ದನದ ಹಿಂಡು, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಹೆಣ್ಣುಗಳು! "ಅಯ್ಯೋ, ಮೊದಲೇ ಹೇಳಬಾರದಿತ್ತಾ?" ಅಂದೆ. "ನೀವ್ ಓದಿದೋರು. ಹೊಸಾ ಪದ್ಧತಿ ಏನರ ಬಂದೈತೇನೋ ಅಂತ ಸುಮ್ನಿದ್ದೆ" ಅಂದರು.

ಮರುದಿನ ಕೆರಿಯಪ್ಪ ಸಾರ್ ಬಂದರು. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇವ ಇಲ್ಲಿ ನಿಂತು ಸತ್ತ. ಅಷ್ಟರೊಳಗೆ ಹೆಂಗಸ್ರು ಮಕ್ಕಳು ಊರು ಬಿಟ್ಟು ಓಡಿರ್ತಾರೆ. ಎಲ್ಲಿಗೆ ಹೋದ್ರೋ, ಎಂತ ತಿಂದ್ರೋ. ಅದನ್ನ ಯಾವ ಕಲ್ಲಲ್ಲೂ ಬರ್ದಿಲ್ಲ ಮಾರಾಯ" ಅಂದರು. ಆಮೇಲೆ ಎದ್ದು ನಿಂತು, "ಆ ಕಡೆಯಿಂದ ಅಳೆದಿದ್ರೆ ನಿನ್ನೆನೇ ಗೊತ್ತಾಗ್ತಿತ್ತು" ಅಂತ ಸೇರಿಸಿದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆಗ ಬುದ್ಧಿ ಬಂತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಬರಲಿಲ್ಲ. ಅದೇ ತಪ್ಪನ್ನು ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ ಮತ್ತೆ ಮಾಡಿದೆ. ಈ ಸಲ ಸಿಕ್ಕಿಹಾಕಿಕೊಂಡವರು ಇಬ್ಬರು ಹೆಂಗಸರು.

ಶಿರಾಳಕೊಪ್ಪದಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಒಂದು ಕೇರಿಯ ಮನೆಗಳೆಲ್ಲ ಹೋಗಬೇಕಿತ್ತು. ಮನೆ ಕಳೆದುಕೊಳ್ಳುವವರಿಗೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆಗೊಂದು ಸೈಟು. ನನ್ನ ಕೆಲಸ ಮನೆ ಮನೆಗೂ ಹೋಗಿ ಅಳೆಯುವುದು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕುವುದು.

ಸುಮಾ, ಈ ಕೆಂಪು ಬಣ್ಣದ ಡಬ್ಬಿ ಹಿಡಿದು ಬೀದಿಗಿಳಿದ ದಿನ ನಿನ್ನನ್ನು ಯಾರೂ ಟೀಗೆ ಕರೆಯುವುದಿಲ್ಲ. ಅದಕ್ಕೆ ಸಿದ್ಧಳಾಗಿರು. ಬೇಕರಿ ಮಂಜಣ್ಣ ಅಂತ ಒಬ್ಬರಿದ್ದರು. ನಾನು ಹಾಕಿದ ಗುರುತಿನ ಮೇಲೆ ಮರುದಿನ ಬೆಳಿಗ್ಗೆ ಆಂಜನೇಯನ ದೊಡ್ಡ ಫೋಟೋ ತೂಗುಹಾಕಿ, ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿಬಿಟ್ಟಿದ್ದರು. "ಗುರುತಾ? ಯಾವ ಗುರುತು ಸಾರ್? ಧೈರ್ಯ ಇದ್ರೆ ದೇವ್ರನ್ನ ಸರ್ಸಿ ನೋಡ್ರಿ" ಅಂದರು. ನಾನೂ ಚಪ್ಪಲಿ ಬಿಟ್ಟು, ಕೈಮುಗಿದು, ಮಂಗಳಾರತಿ ತೆಗೆದುಕೊಂಡೆ. "ಮಂಜಣ್ಣ, ಆಂಜನೇಯ ಗುಡ್ಡಾನೇ ಎತ್ತಿದೋನು. ನಿಮ್ಮ ಬೇಕರಿ ಎತ್ತಿ ಹೊಸ ಜಾಗದಲ್ಲಿ ಇಡೋದು ಅವನಿಗೆ ಯಾವ ಲೆಕ್ಕ?" ಅಂದೆ. ಮಂಜಣ್ಣ ಸ್ವಲ್ಪ ಹೊತ್ತು ಗುರಾಯಿಸಿ, ಆಮೇಲೆ ನಕ್ಕುಬಿಟ್ಟರು. ಆವತ್ತು ಒಂದು ಬನ್ನು ಸಿಕ್ಕಿತು.

ಆ ಕೇರಿಯ ನಡುವೆ ಒಂದು ಹಳೆಯ ಮಣ್ಣಿನ ಮನೆ. ಅದರ ಎಡಭಾಗದಲ್ಲಿ ಗೌರಮ್ಮ. ಗಂಡ ಚನ್ನಬಸಪ್ಪನವರು ಬೆಲ್ಲದ ಅಂಗಡಿ ಇಟ್ಟಿದ್ದರು, ತೀರಿಕೊಂಡು ಆರೇಳು ವರ್ಷವಾಗಿತ್ತು. ಬಲಭಾಗದಲ್ಲಿ ಜೈನಾಬಿ. ಆಕೆಯ ಗಂಡ ದಾದಾಪೀರ್ ಟೈಲರ್, ಅವರೂ ತೀರಿಕೊಂಡಿದ್ದರು. ಗಂಡ ಹೆಂಡತಿ ಮೊದಲು ಕುವೈತಿನಲ್ಲಿದ್ದವರು. ಅಲ್ಲಿ ಯುದ್ಧ ಶುರುವಾದಾಗ ಬಸ್ಸು, ಲಾರಿ, ಮರಳುಗಾಡಿನ ಡೇರೆ ಎಲ್ಲ ದಾಟಿ, ಕೊನೆಗೆ ವಿಮಾನ ಹತ್ತಿ, ಒಂದು ಸೂಟ್‌ಕೇಸು ಮತ್ತು ಬಟ್ಟೆ ಕತ್ತರಿಸುವ ಕತ್ತರಿ ಹಿಡಿದುಕೊಂಡು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದರು. ಆಗ ಗೌರಮ್ಮನ ಮಾವನವರು ತಮ್ಮ ಮನೆಯ ಅರ್ಧವನ್ನು ಅವರಿಗೆ ಬಿಟ್ಟುಕೊಟ್ಟು, ನಡುವೆ ಮಣ್ಣಿನ ಗೋಡೆ ಎಬ್ಬಿಸಿದರು. ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆದದ್ದು ಬಿಟ್ಟರೆ ಬೇರೆ ದಾಖಲೆ ಇಲ್ಲ. ಖಾತೆ ಒಂದೇ ಉಳಿದುಬಿಟ್ಟಿತ್ತು.

ಆ ಗೋಡೆಯಲ್ಲಿ ಮರದ ಚೌಕಟ್ಟು, ಹಲಗೆ ಹಾಕಿದ ಒಂದು ಕಿಂಡಿ. ಒಂದು ತಟ್ಟೆ ಹಿಡಿಸುವಷ್ಟು. ಮೂವತ್ತು ವರ್ಷದಿಂದ ಆ ಕಿಂಡಿಯಲ್ಲಿ ಮೊಸರಿನ ಹೆಪ್ಪು, ಒಗ್ಗರಣೆಯ ಕರಿಬೇವು, ಹೋಳಿಗೆ, ಶ್ಯಾವಿಗೆ ಖೀರು, ಅಳುವ ಕೂಸು ಸಹ ಆ ಕಡೆ ಈ ಕಡೆ ಓಡಾಡಿದ್ದವು. ಒರಳು ಕಲ್ಲು ಜೈನಾಬಿಯ ಪಾಲಿಗೆ ಬಂದಿತ್ತು, ಬಾವಿ ಗೌರಮ್ಮನ ಪಾಲಿಗೆ. ಹಾಗಾಗಿ ಜಗಳ ಆಡಿದ ದಿನವೂ ಮಾತು ಬಿಡುವ ಹಾಗಿರಲಿಲ್ಲ.

ಕೇರಿಯವರೆಲ್ಲ ಮನೆ ಹೋಗುತ್ತದೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅವರನ್ನು ಎಬ್ಬಿಸಿದವಳು ಜೈನಾಬಿ. "ಏ, ಕುವೈತ್ನಾಗೆ ನಮ್ಗೆ ಒಂದ್ ತಾಸು ಟೈಮ್ ಇರ್ಲಿಲ್ಲ. ನಿಮ್ಗೆ ಮೂರ್ ತಿಂಗ್ಳು ಕೊಟ್ಟಾರೆ. ಮೂರೂ ತಿಂಗ್ಳು ಅತ್ಕಂತ ಕುಂತ್ರೆ ಗಂಟು ಕಟ್ಟೋದ್ಯಾವಾಗ?" ಅಂತ ಗದರಿಸುವಳು. ಮನೆ ಬಿಡುವಾಗ ಏನು ತಗೊಳ್ಳಬೇಕು ಎಂದು ಕಟ್ಟೆಯ ಮೇಲೆ ಕೂತು ಪಾಠ ಮಾಡುವಳು. ಉಪ್ಪಿನ ಡಬ್ಬಿ, ಸೂಜಿ ದಾರ, ರೇಷನ್ ಕಾರ್ಡು, ನಿಮಗಷ್ಟೇ ಬೇಕಾದ ಒಂದು ಸಾಮಾನು. "ನಾನು ಪೆದ್ದಿ. ಮದ್ವೆ ಸೀರೆ ಅಲ್ಲೇ ಬಿಟ್ಟು ಮನೆ ಕೀಲಿ ಭದ್ರವಾಗಿ ತಂದೆ. ಇನ್ನೂ ಐತೆ ನೋಡ್ರಿ" ಅಂತ ಸೊಂಟದಿಂದ ಕೀಲಿ ತೆಗೆದು ತೋರಿಸಿ ನಗುವಳು. ಅಳುತ್ತಿದ್ದವರೂ ನಗುತ್ತಿದ್ದರು.

ಅಂಥ ಹೆಂಗಸಿಗೆ ನಾನು ಮಾಡಿದ್ದೇನು? ಆ ಮನೆ ಅಳೆಯಲು ಹೋದ ದಿನ ಹೊರಗಿನ ಅಗಲ ಅಳೆದೆ, ಗೌರಮ್ಮನ ಒಳಗನ್ನು ಅಳೆದೆ. ಜೈನಾಬಿ ಆಸ್ಪತ್ರೆಗೆ ಹೋಗಿದ್ದಳು, ಬಾಗಿಲಿಗೆ ಬೀಗ. ಮತ್ತೆ ಯಾರು ಬರುತ್ತಾರೆ ಎಂದು ಹೊರಗಿನ ಅಳತೆಯಲ್ಲಿ ಗೋಡೆಗಳ ದಪ್ಪ, ಗೌರಮ್ಮನ ಪಾಲು ಕಳೆದು, ಉಳಿದದ್ದು ಜೈನಾಬಿಯದು ಎಂದು ಬರೆದುಬಿಟ್ಟೆ. ನಡುಗೋಡೆಗೆ ಒಂದು ಗೀಟು ಎಳೆದು 'ಜಂಟಿ ಗೋಡೆ' ಎಂದು ನಮೂದಿಸಿದೆ. ಕೆರಿಯಪ್ಪ ಸಾರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಕೇಳುವವರು ಯಾರೂ ಇರಲಿಲ್ಲ.

ಸೈಟು ಹಂಚುವ ಸಾಹೇಬರು ಆ ನಕ್ಷೆ ನೋಡಿದವರೇ, "ಖಾತೆ ಒಂದೇ, ನಡುವೆ ಗೋಡೆನೂ ಒಂದೇ. ಅಂದ್ಮೇಲೆ ಇದು ಒಂದು ಮನೆ. ಒಂದೇ ಸೈಟು" ಅಂದರು. ಇಬ್ಬರು ಬೇರೆ ಬೇರೆ ಒಲೆ ಹಚ್ಚುತ್ತಾರೆ, ಎರಡು ರೇಷನ್ ಕಾರ್ಡು ಇದೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಒಲೆ ಎಷ್ಟಾದ್ರೂ ಇರ್ಲಿ. ಎರಡು ಮನೆ ಅಂದ್ರೆ ಎರಡು ಗೋಡೆ ತೋರಿಸ್ರೀ. ಇಲ್ದಿದ್ರೆ ಗೋಡೆ ಯಾರದ್ದೋ ಅವರಿಗೆ ಸೈಟು. ಇನ್ನೊಬ್ರದ್ದು ಗೋಡೆಗೆ ಒರಗಿಸಿದ ಕೋಣೆ ಅಂತ ಬರೀತೀನಿ" ಅಂದರು. ಸೈಟು ಸಿಗದವರು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದಕ್ಕೆ ಫೈಲು ಮುಚ್ಚಿದರು.

ಮಹಜರಿನ ದಿನ ಬಂತು. ಕೇರಿಯವರೆಲ್ಲ ನೆರೆದರು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದರು: "ಈ ಗೋಡೆ ಯಾರದ್ದಮ್ಮಾ?"

"ಅವಳ್ದು" ಅಂದರು ಗೌರಮ್ಮ, ಜೈನಾಬಿಯ ಕಡೆ ಕೈ ತೋರಿಸಿ.

"ಇಲ್ರೀ ಸಾಹೇಬ್ರೇ, ಅಕ್ಕಂದು" ಅಂದಳು ಜೈನಾಬಿ. "ಅವ್ರ ಮಾವ ಕಟ್ಟಿಸಿದ್ದು. ಮಣ್ಣೂ ಅವ್ರ ಹಿತ್ಲದ್ದೇ."

"ಏ ಸುಮ್ನಿರೇ ಜೈನೂ! ಸಾರ್, ಅವರಿಗೆ ಅಂತ ಕಟ್ಟಿದ ಗೋಡೆ ಅವಳ್ದೇ ಅಲ್ವೇನ್ರೀ? ನಂಗೇನು, ಸೊರಬದಾಗೆ ತಮ್ಮ ಇದಾನೆ. ಇವಳಿಗೆ ಯಾರಿದಾರೆ?"

"ತಮ್ಮನ ಹೆಂಡ್ತಿ ಕೈಯಾಗೆ ಎಂಟು ದಿನ ಬಾಳಲ್ಲ ಇವ್ರು. ನಂಗೆ ಮನೆ ಬಿಟ್ಟು ರೂಢಿ ಐತೆ. ಗೋಡೆ ಅಕ್ಕಂದೇ, ಬರ್ಕೊಳ್ರಿ!"

ಮೂವತ್ತು ವರ್ಷ ನಾನು ಅಳೆಯಲು ಹೋದಲ್ಲೆಲ್ಲ ಕೇಳಿದ್ದು ಒಂದೇ ಮಾತು: ನಂದು. ಒಂದು ಗೇಣು ಬದುವಿಗೆ ಅಣ್ಣ ತಮ್ಮ ಕುಡುಗೋಲು ಎತ್ತಿದ್ದನ್ನು ನೋಡಿದ್ದೇನೆ. ಗೋಡೆ ನಂದಲ್ಲ, ಅವಳದು ಎಂದು ಇಬ್ಬರು ಗಂಟಲು ಹರಿದುಕೊಳ್ಳುವುದನ್ನು ಆವತ್ತೇ ಮೊದಲು ಕಂಡದ್ದು. ನನಗೆ ಕಣ್ಣು ತುಂಬಿ ಬಂತು, ನನ್ನ ಸೋಮಾರಿತನದ ಮೇಲೆ ವಿಪರೀತ ಸಿಟ್ಟೂ ಬಂತು. ಸಾಹೇಬರು ಇಬ್ಬರ ಮುಖವನ್ನೂ ನೋಡುತ್ತಾ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಆಗ ನನ್ನ ಕಿವಿಯ ಹತ್ತಿರವೇ ಯಾರೋ ಎಲೆ ಅಡಿಕೆ ಅಗಿಯುತ್ತಾ ಕೇಳಿದ ಹಾಗಾಯಿತು: ಆ ಕಡೆಯಿಂದ ಅಳೆದ್ಯನಾ?

"ಸಾರ್, ಐದು ನಿಮಿಷ ಕೊಡಿ" ಎಂದು ಟೇಪು ಹಿಡಿದು ಜೈನಾಬಿಯ ಮನೆಯೊಳಗೆ ಓಡಿದೆ. ಗೋಡೆಯಿಂದ ಗೋಡೆಗೆ ಅಳೆದೆ. ಲೆಕ್ಕ ಹಾಕಿದೆ. ತಾಳೆಯಾಗಲಿಲ್ಲ. ಮತ್ತೆ ಅಳೆದೆ. ಒಂದು ಅಡಿ ಕಡಿಮೆ! ಒಂದು ಅಡಿ ನೆಲ ಎಲ್ಲಿ ಹೋಯಿತು? ನಡುಗೋಡೆಯೊಳಗೇ ಇರಬೇಕು. ಕಿಂಡಿಗೆ ಕೈ ಹಾಕಿದೆ. ಆ ತುದಿ ಮುಟ್ಟಲು ಮೊಣಕೈ ದಾಟಿ ಹೋಗಬೇಕಾಯಿತು. ಸಾಮಾನ್ಯ ಮಣ್ಣಿನ ಗೋಡೆ ಅಷ್ಟು ದಪ್ಪ ಇರುವುದಿಲ್ಲ. ಕಿಂಡಿಯ ತಳದ ಹಲಗೆಯನ್ನು ಮೀಟಿ ಎಬ್ಬಿಸಿದೆ. ಗೌರಮ್ಮನ ಕಡೆಗೆ ಹಳೆಯ ಮಣ್ಣು. ಜೈನಾಬಿಯ ಕಡೆಗೆ ಸುಟ್ಟ ಇಟ್ಟಿಗೆ. ನಡುವೆ ಬೆರಳು ತೂರುವಷ್ಟು ಸಂದಿ.

"ಸಾರ್! ಬನ್ನಿ ಸಾರ್ ಇಲ್ಲಿ! ಒಂದಲ್ಲ, ಎರಡು ಗೋಡೆ!" ಎಂದು ನಾನು ಕೂಗಿದ ಕೂಗಿಗೆ ಬೇಕರಿ ಮಂಜಣ್ಣ ಗೋಡೆ ಬಿತ್ತೆಂದು ಓಡಿಬಂದರಂತೆ.

ಸಾಹೇಬರು ಬಗ್ಗಿ ನೋಡಿದರು. ತಾವೂ ಬೆರಳು ತೂರಿಸಿ ನೋಡಿದರು. "ಈ ಇಟ್ಟಿಗೆ ಗೋಡೆ ಯಾರು ಕಟ್ಟಿದ್ದು? ಯಾಕೆ?"

ಜೈನಾಬಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಎಲ್ಲರೂ ಅವಳನ್ನೇ ನೋಡಿದರು. "ಹೆಂಗ್ ಹೇಳ್ಲಿ... ನಮ್ಮೋರು ಕಟ್ಟಿದ್ದು. ಅಕ್ಕ ಮಗಳ ಬಾಣಂತನಕ್ಕೆ ಹೋಗಿದ್ರಲ್ಲ, ಆ ತಿಂಗ್ಳು. ಕುವೈತಿಂದ ಬಂದ್ಮೇಲೆ ನಮ್ಮೋರು ಗುಡುಗು ಗದ್ದಲ ಏನೇ ಕೇಳಿದ್ರೂ ಎದ್ದು ಕುಂತ್ಕೊಂತಿದ್ರು. ಈ ಮನ್ಯಾಗೆ... ಗೊರಕೆ."

"ಯಾರ ಗೊರಕೆ?" ಸಾಹೇಬರು ಕೇಳಿದರು.

ಜೈನಾಬಿ ಒಂದು ಸಲ ಗೌರಮ್ಮನ ಮುಖ ನೋಡಿದಳು. "ಅಕ್ಕನ ಯಜಮಾನ್ರದು" ಅಂದಳು.

ಗೌರಮ್ಮ ನಗಲು ಶುರುಮಾಡಿದರು ನೋಡು, ಹೊಟ್ಟೆ ಹಿಡಿದುಕೊಂಡು, ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕರು. "ಅಯ್ಯೋ ಶಿವನೇ! ಅದಕ್ಕೇ ಏನೇ? ಮೊದ್ಲು ಕಿಂಡ್ಯಾಗೆ ಕೈ ಚಾಚಿದ್ರೆ ಸಾಕಾಗ್ತಿತ್ತು, ಬಾಣಂತನ ಮುಗ್ಸಿ ಬಂದ್ಮೇಲೆ ಎಟುಕ್ತಿರ್ಲಿಲ್ಲ. ನನ್ ಕೈನೇ ಗಿಡ್ಡ ಆಗ್ಯಾವೆ ಅಂದ್ಕಂಡಿದ್ನಲ್ಲೇ!" ಅಂದರು. ಆಮೇಲೆ ಕಣ್ಣೊರೆಸಿಕೊಂಡು, "ಇದ್ದಾಗ ಒಂದ್ ಸೀರೆ ತರ್ಲಿಲ್ಲ ಆ ಮನುಷ್ಯ. ಸತ್ತ ಮೇಲೆ ಸೈಟು ಕೊಡ್ಸಿದ್ರು" ಅಂದರು. ಸಾಹೇಬರೂ ನಕ್ಕುಬಿಟ್ಟರು. ಪುಣ್ಯಾತ್ಮ, ತಾವು ಆಡಿದ ಮಾತಿಗೆ ತಪ್ಪಲಿಲ್ಲ. ಎರಡು ಗೋಡೆ, ಎರಡು ಮನೆ, ಎರಡು ಸೈಟು. ಮಹಜರಿನಲ್ಲಿ ಕಾರಣ ಕೇಳಿದ್ದರಿಂದ ನಾನು ನನ್ನ ಕೈಯಾರೆ ಬರೆದೆ: 'ಚನ್ನಬಸಪ್ಪನವರ ಗೊರಕೆಯ ನಿಮಿತ್ತ ನೆರೆಯವರು ಪ್ರತ್ಯೇಕ ಇಟ್ಟಿಗೆ ಗೋಡೆ ಕಟ್ಟಿಕೊಂಡಿರುತ್ತಾರೆ.' ಪಂಚರು ಸಹಿ ಹಾಕಿದರು. ಹಳೆಯ ನಕ್ಷೆಯ ತಪ್ಪಿಗೆ ನನಗೊಂದು ನೋಟೀಸು ಬಂತು. ಅಷ್ಟು ಖುಷಿಯಿಂದ ನಾನು ಯಾವ ನೋಟೀಸಿಗೂ ಉತ್ತರ ಬರೆದಿಲ್ಲ.

ಮಹಜರಿನ ಕ್ರಮದಲ್ಲೇ ಸೈಟು ಹಂಚಿದ್ದರಿಂದ ಇಬ್ಬರಿಗೂ ಅಕ್ಕಪಕ್ಕವೇ ಬಂತು. ಕೇರಿ ಒಡೆಯುವ ದಿನ ಜೈನಾಬಿ ಮೊದಲು ಕಳಚಿಕೊಂಡದ್ದು ಬಾಗಿಲನ್ನಲ್ಲ, ಕಿಂಡಿಯ ಮರದ ಚೌಕಟ್ಟನ್ನು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದಳು.

ನಾನು ನಿವೃತ್ತನಾದ ಮೇಲೆ, ಹೋದ ಚಳಿಗಾಲದಲ್ಲಿ, ಗೌರಮ್ಮನ ಫೋನು ಬಂತು. "ಸಾರ್, ಟೇಪು ತಗಂಡ್ ಬರ್ರಿ. ನಂಗೂ ಇವಳಿಗೂ ಗೋಡೆ ಜಗಳ ಬಿದ್ದೈತೆ."

ಹೊಸ ಬಡಾವಣೆ, ಹೊಸ ಮನೆ ಬಂದ ಮೇಲೆ ಇವರಿಗೂ 'ನಂದು' ಬಂದುಬಿಟ್ಟಿತೇ ಎಂದು ಬಸ್ಸಿನ ದಾರಿಯುದ್ದಕ್ಕೂ ಬೇಜಾರು. ಹೋಗಿ ನೋಡಿದರೆ ಎರಡು ಪುಟ್ಟ ಆರ್‌ಸಿಸಿ ಮನೆ. ನಿಯಮದ ಪ್ರಕಾರ ಒಬ್ಬೊಬ್ಬರೂ ಮೂರು ಅಡಿ ಬಿಟ್ಟಿದ್ದಾರೆ. ನಡುವೆ ಆರು ಅಡಿ ಬಯಲು, ಅಲ್ಲಿ ಕಾಂಪೌಂಡು ಗೋಡೆ ಕಟ್ಟಬೇಕು. ಜಗಳ ಏನೆಂದರೆ, ಗೋಡೆಯ ಪಾಯ ಪೂರ್ತಿ ನನ್ನ ಜಾಗದಲ್ಲೇ ಇರಲಿ, ಅವಳ ನೆಲ ಹೋಗುವುದು ಬೇಡ ಎಂದು ಗೌರಮ್ಮ. ಇಲ್ಲ, ನನ್ನ ಜಾಗದಲ್ಲೇ ಎಂದು ಜೈನಾಬಿ. ಗಾರೆ ಕೆಲಸದವನು ಎರಡು ದಿನದಿಂದ ಬೀಡಿ ಸೇದುತ್ತಾ ಕೂತಿದ್ದ. ನಾನು ಗೌರಮ್ಮನ ಕಡೆಯಿಂದ ಅಳೆದೆ, ಜೈನಾಬಿಯ ಕಡೆಯಿಂದಲೂ ಅಳೆದೆ. ಸರಿಯಾಗಿ ನಡುವೆ ದಾರ ಕಟ್ಟಿಸಿದೆ. "ಅರ್ಧ ಅರ್ಧ. ಇನ್ನು ಬಾಯಿ ತೆಗೆದ್ರೆ ಇಬ್ಬರ ಮೇಲೂ ಕೇಸು" ಅಂದೆ.

ಕಿಂಡಿಯ ಚೌಕಟ್ಟು ತೊಳೆದು, ಎಣ್ಣೆ ಸವರಿಸಿಕೊಂಡು ಮೂಲೆಯಲ್ಲಿ ಕಾದಿತ್ತು. "ಅಡಿಗೆಮನೆ ಎದ್ರಿಗೆ ಇಡ್ಸಾಣ" ಅಂದೆ. ಜೈನಾಬಿ ಬೇಡ ಅಂದಳು. ಹಿಂದೆ ಹೋಗಿ, ತನ್ನ ಮಲಗುವ ಕೋಣೆಯ ಕಿಟಕಿಯೂ ಗೌರಮ್ಮನ ಮಲಗುವ ಕೋಣೆಯ ಕಿಟಕಿಯೂ ಎದುರುಬದುರಾಗುವ ಜಾಗ ತೋರಿಸಿದಳು. ಅಲ್ಲಿಂದ ಹೆಪ್ಪು ಕೊಡಲು ಇಬ್ಬರಿಗೂ ಸುತ್ತು. ನನಗೆ ಅರ್ಥವಾಗಲಿಲ್ಲ. ಗೌರಮ್ಮ ಟೀ ತರಲು ಒಳಗೆ ಹೋಗುವುದನ್ನೇ ಕಾದಿದ್ದು, ಜೈನಾಬಿ ಮೆಲ್ಲಗೆ ಅಂದಳು:

"ಸಾರ್, ನಿಮ್ಮತ್ರ ಒಂದ್ ಸುಳ್ಳು ಬರ್ಸಿದೀನಿ. ಗೊರಕೆ ಯಜಮಾನ್ರದಲ್ಲ. ಅವ್ರು ಪಾಪ, ಬೆಕ್ಕಿನ್ ಹಂಗೆ ಮಲಗೋರು. ಗೊರಕೆ ಅಕ್ಕಂದು."

"ಮತ್ತೆ ಮಹಜರಿನಲ್ಲಿ ಬರೆಸಿದ್ದು?" ಅಂದೆ.

"ಅಷ್ಟ್ ಜನದ ಮುಂದೆ ಹೆಂಗ್ಸಿನ ಮಾನ ತೆಗೀಲಾ? ಸತ್ತೋರ್ ಮೇಲೆ ಹಾಕ್ದೆ. ಅವ್ರು ಬೇಜಾರ್ ಮಾಡ್ಕಳಲ್ಲ." ಅವಳು ಚೌಕಟ್ಟಿನ ಮೇಲೆ ಕೈಯಾಡಿಸಿದಳು. "ಮೊದ್ಲು ನಂಗೂ ನಿದ್ದೆ ಬರ್ತಿರ್ಲಿಲ್ಲ. ಆಮೇಲೆ ಕಿಂಡ್ಯಾಗೆ ಅದು ಕೇಳ್ಸಿದ್ರೇನೇ ನಿದ್ದೆ. ಅಕ್ಕ ಅಲ್ಲೇ ಇದಾರೆ, ನಾನ್ ಮನ್ಯಾಗೇ ಇದೀನಿ, ಯಾರೂ ಏಳು ಹೊರಡು ಅನ್ತಿಲ್ಲ ಅಂತ ಧೈರ್ಯ. ಇಲ್ಲಿಗೆ ಬಂದಾಗಿಂದ ಆರಡಿ ದೂರ, ಕಿವಿ ಕೊಟ್ರೆ ಒಂಚೂರು ಕೇಳ್ಸತೈತೆ, ಗೋಡೆ ಎದ್ರೆ ಅದೂ ಇಲ್ಲ. ಒಂದ್ ದಿನ ಸರ್ಯಾಗ್ ಮಲಗಿಲ್ಲ ಸಾರ್ ನಾನು."

ಗೌರಮ್ಮ ಟೀ ಹಿಡಿದು ಬಂದರು. "ಏನೇ ಅದು ಪಿಸಿಪಿಸಿ?" ಅಂದರು. "ಏನಿಲ್ಲಕ್ಕ, ಭಾವನ್ನ ನೆನೆಸ್ಕಂಡ್ವಿ" ಅಂದಳು ಜೈನಾಬಿ. "ಎಂಥಾ ಗೊರಕೆ, ಪುಣ್ಯಾತ್ಮಂದು" ಎಂದು ಗೌರಮ್ಮ ಹೆಮ್ಮೆಯಿಂದ ನಕ್ಕರು.

ನಾನು ಗಾರೆಯವನನ್ನು ಕರೆದು, ಜೈನಾಬಿ ತೋರಿಸಿದ ಜಾಗದಲ್ಲೇ ಗುರುತು ಹಾಕಿಕೊಟ್ಟೆ. ಕೆಂಪು ಬಣ್ಣದಲ್ಲೇ ಹಾಕಿದೆ.

ಸುಮಾ, ದಾಖಲೆಯಲ್ಲಿ ತಪ್ಪು ಕಂಡರೆ ಕೂಡಲೇ ತಿದ್ದಬೇಕು, ಅದು ನಮ್ಮ ಕೆಲಸದ ಮೊದಲ ಪಾಠ. ಆ ಮಹಜರು ಎಂದಾದರೂ ನಿನ್ನ ಟೇಬಲ್ಲಿಗೆ ಬಂದರೆ ಮಾತ್ರ, ಗೊರಕೆ ಚನ್ನಬಸಪ್ಪನವರ ಹೆಸರಿನಲ್ಲೇ ಇರಲಿ.